ನಕ್ಷೆಗೆ ಹತ್ತದ ಕಾಲುದಾರಿ

ದಲಿತ ವಿಮರ್ಶೆಯ ಸಂಚಿಕೆಗೆ ಲೇಖನ ಕೊಡಿ ಎಂದು ಸಂಪಾದಕರು ಕೇಳಿದಾಗ, ಕಾಲುದಾರಿಯ ಬಗ್ಗೆ ಬರೀತೀನಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಮೌನ ನನಗೆ ಅರ್ಥವಾಗುತ್ತದೆ. ವಿಮರ್ಶೆ ಅಂದರೆ ಕೃತಿ, ಕರ್ತೃ, ಪರಂಪರೆ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಕನ್ನಡ ವಿಮರ್ಶೆ ದಾರಿಯ ಮಾತನ್ನು ಆಡದೆ ಏನೂ ಇಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗದಿಂದ ಹಿಡಿದು ಇವತ್ತಿನ ವಿಚಾರಸಂಕಿರಣಗಳವರೆಗೆ ಮಾರ್ಗ, ದೇಸಿ ಎಂಬ ಎರಡು ಮಾತುಗಳ ಸುತ್ತಲೇ ನಮ್ಮ ವಿದ್ವಾಂಸರು ತಿರುಗಿದ್ದಾರೆ. ಮಾರ್ಗ ಅಂದರೆ ಮೊದಲಿಗೆ ದಾರಿ ಎಂಬುದು ಮಾತ್ರ ಎಲ್ಲರಿಗೂ ಮರೆತಿದೆ. ಆ ದಾರಿಯಲ್ಲಿ ಯಾರು ನಡೆದರು, ಯಾರು ಚಪ್ಪಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು, ಎದುರಿಗೆ ಯಾರಾದರೂ ಬಂದಾಗ ಯಾರು ದಾರಿಯಿಂದ ಇಳಿದು ಬದುವಿನ ಮೇಲೆ ನಿಂತರು ಎಂದು ಕೇಳದೆ ಮಾರ್ಗದ ಬಗ್ಗೆ ಸಾವಿರ ಪುಟ ಬರೆಯಲು ಸಾಧ್ಯವಾಗಿದೆ. ನನ್ನ ತಕರಾರು ಇಷ್ಟೇ.

ಈ ತಕರಾರು ಪುಸ್ತಕದಿಂದ ಹುಟ್ಟಿದ್ದಲ್ಲ. ದಾಬಸ್‌ಪೇಟೆಯಿಂದ ಮೂರು ಮೈಲಿ ಒಳಗಿರುವ ನಮ್ಮ ಹಳ್ಳಿಯಲ್ಲಿ, ಹಟ್ಟಿಯಿಂದ ಹೊರಟು ಎರಡು ಹೊಲದ ಬದು ಹಾದು, ಒಂದು ಹುಣಸೆಮರದ ಬುಡ ಸುತ್ತಿ, ಹಳ್ಳ ಇಳಿದು ಹತ್ತಿ, ನಮ್ಮವರನ್ನು ಹೂಳುವ ಜಾಗಕ್ಕೂ ಅಲ್ಲಿಂದಾಚೆ ಪೇಟೆಯ ರಸ್ತೆಗೂ ಸೇರುವ ಒಂದು ಕಾಲುದಾರಿಯಿತ್ತು. ಕೆಲವು ವರ್ಷಗಳ ಹಿಂದೆ ಆ ಹೊಲಗಳು ಕೈ ಬದಲಾದವು. ಒಂದು ಬೆಳಿಗ್ಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದಿದ್ದರು. ಅದಾದ ಎರಡು ತಿಂಗಳಿಗೆ ನಮ್ಮ ದೊಡ್ಡಮ್ಮ ತೀರಿಕೊಂಡಳು. ಹತ್ತು ನಿಮಿಷದ ದಾರಿಗೆ ಹೆಣ ಹೊತ್ತುಕೊಂಡು ಊರೆಲ್ಲ ಬಳಸಿ ಒಂದು ಗಂಟೆ ನಡೆದೆವು. ಊರ ಬೀದಿಯಲ್ಲಿ ಹೆಣ ತರಬೇಡಿ ಅಂತ ಒಬ್ಬರು, ತಮಟೆ ನಿಲ್ಲಿಸಿ ಅಂತ ಇನ್ನೊಬ್ಬರು. ಬೇಲಿ ಹಾಕಿದವರನ್ನು ಕೇಳಿದರೆ ಅವರು ಸಿಟ್ಟೇ ಆಗಲಿಲ್ಲ. "ದಾರಿ ಎಲ್ಲೈತೆ ತೋರ್ಸಿ, ನಾನೇ ಬಿಡ್ತೀನಿ" ಅಂದರು.

ತೋರಿಸಲು ಹೋಗಿ ನಾನು ಕಂಡ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

1

ನಮ್ಮ ಪೇಟೆಯ ಹೆಸರೇ ಒಬ್ಬ ದೊರೆಯದು. ಮೈಸೂರು ಸಂಸ್ಥಾನವನ್ನು 1831ರಲ್ಲಿ ಇಂಗ್ಲಿಷರು ತಮ್ಮ ಆಡಳಿತಕ್ಕೆ ತೆಗೆದುಕೊಂಡ ಮೇಲೆ, ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ, ಚಿತ್ರದುರ್ಗ ವಿಭಾಗಕ್ಕೆ ರಿಚರ್ಡ್ ಸ್ಟುವರ್ಟ್ ಡಾಬ್ಸ್ ಎಂಬಾತ ಸೂಪರಿಂಟೆಂಡೆಂಟ್ ಆಗಿದ್ದ. ಎರಡು ದಶಕಕ್ಕೂ ಹೆಚ್ಚು ಕಾಲ ಇದೇ ಸೀಮೆಯಲ್ಲಿದ್ದ, ಕಚೇರಿ ತುಮಕೂರಿನಲ್ಲಿತ್ತು. 1882ರಲ್ಲಿ ತನ್ನ ನೆನಪುಗಳ ಪುಸ್ತಕವನ್ನೂ ಅಚ್ಚು ಹಾಕಿಸಿದ. ಶಿವಗಂಗೆಯ ಬೆಟ್ಟ ಒಂದು ಕಡೆ, ನಿಜಗಲ್ಲಿನ ಹಾಳುಕೋಟೆ ಇನ್ನೊಂದು ಕಡೆ, ನಡುವೆ ಬೆಂಗಳೂರು ತುಮಕೂರು ರಸ್ತೆ. ಆ ರಸ್ತೆಯ ಮೇಲೆ ಹುಟ್ಟಿದ ಪೇಟೆಗೆ ಅವನ ಹೆಸರು ಅಂಟಿಕೊಂಡು, ಡಾಬ್ಸ್ ಹೋಗಿ ದಾಬಸ್ ಆಯಿತು.

ಕಬ್ಬನ್ ಕಾಲದ ಆಡಳಿತ ಸುಮಾರು 1,600 ಮೈಲಿ ರಸ್ತೆಯನ್ನೂ 300ಕ್ಕೂ ಹೆಚ್ಚು ಸೇತುವೆಗಳನ್ನೂ ಮಾಡಿಸಿತೆಂದು ದಾಖಲೆಗಳು ಹೇಳುತ್ತವೆ. ಇದನ್ನು ಉಪಕಾರ ಎಂದು ಹೊಗಳುವ ಇತಿಹಾಸಕಾರರಿದ್ದಾರೆ. ಇದು ವಸಾಹತುಶಾಹಿಯ ಸೈನ್ಯಕ್ಕೆ, ವ್ಯಾಪಾರಕ್ಕೆ ಬೇಕಿದ್ದ ರಸ್ತೆ ಎಂದು ಬಯಲು ಮಾಡುವವರೂ ಇದ್ದಾರೆ. ಎರಡನೆಯವರ ಮಾತು ನಿಜ. ಪಲ್ಲಕ್ಕಿಯ ದೊರೆಗಳಿಗೆ, ಹತ್ತಿಯ ಗಾಡಿಗೆ, ಸಿಪಾಯಿಗಳಿಗೆ ಬೇಕಾಗಿಯೇ ಆ ರಸ್ತೆಗಳಾದವು. 1884ರಲ್ಲಿ ತುಮಕೂರಿಗೆ ರೈಲು ಬಂದದ್ದೂ ಇಂಥ ಲೆಕ್ಕಾಚಾರದಿಂದಲೇ.

ಆದರೆ ನನ್ನ ಮಟ್ಟಿಗೆ ಇನ್ನೊಂದು ಸಾಕ್ಷಿಯಿದೆ. ಅದು ನಮ್ಮ ತಾತನದು. ಊರ ಬೀದಿಯಲ್ಲಿ ತಾತ ಚಪ್ಪಲಿ ಮೆಟ್ಟಿದ್ದನ್ನು ಯಾರೂ ಕಂಡಿಲ್ಲ. ಹಟ್ಟಿ ಬಿಡುವಾಗ ಕೈಗೆ ತೆಗೆದುಕೊಂಡರೆ, ಹೆದ್ದಾರಿ ಮುಟ್ಟಿದ ಮೇಲೆ ಒಂದು ಕಲ್ಲಿನ ಮೇಲೆ ಕೂತು, ಕಾಲು ಒರೆಸಿಕೊಂಡು, ಮೆಟ್ಟಿಕೊಳ್ಳುತ್ತಿದ್ದ. "ಇಲ್ಲಿ ಯಾವನೂ ಕೇಳಂಗಿಲ್ಲ ಕಣ್ಲಾ. ಇದು ದೊರೆ ರಸ್ತೆ" ಅನ್ನುತ್ತಿದ್ದ. ಅಪ್ಪ ಎಪ್ಪತ್ತರ ದಶಕದಲ್ಲಿ ಒಂದು ಹಳೇ ಸೈಕಲ್ ಕೊಂಡಾಗಲೂ ಇದೇ ಕತೆ. ಊರೊಳಗೆ ತಳ್ಳಿಕೊಂಡು ಹೋಗಿ ಹೆದ್ದಾರಿಯಲ್ಲಿ ಹತ್ತುವುದು. ವಾಪಸು ಬರುವಾಗ ಊರ ಬಾಗಿಲಿಗೆ ಇಳಿದುಬಿಡುವುದು. ಸೈಕಲ್ಲಿನ ಬೆಲ್ಲು ಹೆದ್ದಾರಿಗೆ ಮಾತ್ರ ಮೀಸಲಾಗಿತ್ತು.

ದೊರೆ ರಸ್ತೆ ಸಮಾನತೆಯ ರಸ್ತೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಜಲ್ಲಿ ಒಡೆದವರು, ಮಣ್ಣು ಹೊತ್ತವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಅದರ ಪಕ್ಕದ ಹೋಟೆಲಿನಲ್ಲಿ ನಮಗೆ ಹೊರಗೆ ಸೂರಿಗೆ ಸಿಕ್ಕಿಸಿದ ಲೋಟ ಬೇರೆಯೇ ಇತ್ತು. ಆದರೂ ನಡೆಯುವ ಹಕ್ಕು ಒಬ್ಬ ಯಜಮಾನನ ಮರ್ಜಿಯಿಂದ ಬಿಡಿಸಿಕೊಂಡು, ಯಾರ ಮುಖವನ್ನೂ ನೋಡದೆ ಸಿಕ್ಕ ಮೊದಲ ಜಾಗ ಅದು. ಸರ್ಕಾರಿ ರಸ್ತೆಯಲ್ಲಿ ನಡೆಯಲು ಅಪ್ಪಣೆ ಬೇಡ. ಹಳ್ಳಿಯ ದಾರಿಗೆ ಬೇಕು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಮುಂದೆ ಕಾನೂನಿನ ಹತ್ತಿರ ಹೋದಾಗ ಇದೇ ನಮ್ಮ ಕಾಲಿಗೆ ತೊಡರುತ್ತದೆ.

2

ಹಾಗಾದರೆ ದೊರೆಗಳು ಬರುವ ಮೊದಲು ದಾರಿಯ ಯಜಮಾನರು ಯಾರು? ಶಾಸನಗಳನ್ನು ನೋಡಿದರೆ ದಾನ ಕೊಟ್ಟ ಭೂಮಿಗೆ ನಾಲ್ಕು ದಿಕ್ಕಿನ ಎಲ್ಲೆ ಹೇಳಿರುತ್ತಾರೆ. ಕೆರೆ, ಹಳ್ಳ, ಬಂಡೆ, ಮರ, ಹೆದ್ದಾರಿ. ನಮ್ಮ ನೆಲಮಂಗಲ ಸೀಮೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೇ ಸಂಪುಟದಲ್ಲಿವೆ. ಕಲ್ಲಿನಲ್ಲಿ ದಾನಿಯ ಹೆಸರಿದೆ, ದಾನ ಪಡೆದವನ ಹೆಸರಿದೆ. ಎಲ್ಲೆಯನ್ನು ನಡೆದು ತೋರಿಸಿದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಎಲ್ಲೆ ತೋರಿಸುತ್ತಿದ್ದವನು ಕುಳವಾಡಿ. ಹಳೇ ಮೈಸೂರಿನಲ್ಲಿ ಈ ಕೆಲಸ ಹೊಲೆಯರದು. ಇದನ್ನು ಬರೆದಿಟ್ಟವನು ಜೆ. ಎಸ್. ಎಫ್. ಮೆಕೆಂಜಿ ಎಂಬ ಮೈಸೂರು ಕಮಿಷನ್ನಿನ ಅಧಿಕಾರಿ, 1873ರ ಇಂಡಿಯನ್ ಆಂಟಿಕ್ವರಿಯಲ್ಲಿ. ಅವನು ಹೇಳುವುದು ಹೀಗಿದೆ. ಎರಡು ಊರಿನ ಗಡಿಯ ತಕರಾರು ಬಂದಾಗ ಕುಳವಾಡಿಯ ಮಾತೇ ಕೊನೆ. ಅವನು ಊರಿನ ಮಣ್ಣಿನಿಂದ ಒಂದು ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆಯ ಮೇಲೆ ಹೊತ್ತು ಗಡಿಯುದ್ದಕ್ಕೂ ನಡೆಯಬೇಕು. ಸರಿಯಾದ ಗೆರೆಯಲ್ಲಿ ನಡೆದರೆ ಏನೂ ಆಗುವುದಿಲ್ಲ. ತಪ್ಪಿಯಾದರೂ ಗಡಿ ದಾಟಿದರೆ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದಲ್ಲಿ ಕುಳವಾಡಿ ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂಬ ನಂಬಿಕೆ.

ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಗೌಡನ ಗಡಿ ತಪ್ಪಿದರೆ ಸಾಯಬೇಕಾದವನು ಕುಳವಾಡಿ. ಊರಿನ ಒಂದೊಂದು ಗೇಣು ನೆಲವನ್ನೂ ಪಾದದಲ್ಲಿ ಬಲ್ಲವನು ಅವನು. ಅದೇ ಊರಿನ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯುವಂತಿಲ್ಲದವನೂ ಅವನೇ. ನೆಲದ ಜ್ಞಾನ ನಮ್ಮದು, ನೆಲ ಅವರದು. ದಲಿತರಿಗೆ ಚರಿತ್ರೆಯಿಲ್ಲ, ದಾಖಲೆಯಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ಒಂದು ಕಾಲದಲ್ಲಿ ನಾವೇ ದಾಖಲೆಯಾಗಿದ್ದೆವು. ನಮ್ಮ ತಲೆಯೇ ಕಡತ, ಕಾಲೇ ಅಳತೆಗೋಲು.

ಮೆಕೆಂಜಿ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ. ಇದನ್ನು ಬಾಬಾಸಾಹೇಬರು 1948ರ ತಮ್ಮ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಎತ್ತಿಕೊಂಡರು. ಹೊಲಗೇರಿಯೊಳಗೆ ಯಾರ ಕಾಟವೂ ಇಲ್ಲದೆ ಹಾದುಹೋದರೆ ಅದೃಷ್ಟ ಎಂದು ಬ್ರಾಹ್ಮಣರು ನಂಬುತ್ತಿದ್ದರಂತೆ. ಆದರೆ ಬ್ರಾಹ್ಮಣ ಕೇರಿಗೆ ಕಾಲಿಟ್ಟರೆ ಹೊಲೆಯರು ಗುಂಪಾಗಿ ಬಂದು ಚಪ್ಪಲಿಯಲ್ಲಿ ಹೊಡೆದು ಅಟ್ಟುತ್ತಿದ್ದರಂತೆ. ಅಂದರೆ ಕೇರಿಯ ಬೀದಿ ಕೇರಿಯದಾಗಿತ್ತು. ಅದಕ್ಕೂ ಒಂದು ಬಾಗಿಲಿತ್ತು, ಒಂದು ನಿಷೇಧವಿತ್ತು. ಅಂಬೇಡ್ಕರರಿಗೆ ಇದರಲ್ಲಿ ಕಂಡದ್ದು ಪರಸ್ಪರ ಹಗೆತನದ ಹಳೆಯ ಗುರುತು. ನನಗೆ ಇನ್ನೂ ಒಂದು ಕಾಣುತ್ತದೆ. ನಮ್ಮವರಿಗೂ ತಮ್ಮ ದಾರಿಯ ಮೇಲೆ ತಮ್ಮದು ಎನ್ನುವ ಖಚಿತ ಭಾವನೆಯಿತ್ತು. ಅದು ಕಾಗದಕ್ಕೆ ಇಳಿಯಲಿಲ್ಲ, ಅಷ್ಟೇ.

3

ಕಾಗದಕ್ಕೆ ಇಳಿಯುವ ಕಾಲ ಬಂದದ್ದು 1860ರ ದಶಕದಲ್ಲಿ. ಬೌರಿಂಗ್ ಕಮಿಷನರ್ ಆಗಿದ್ದಾಗ, ಮುಂಬಯಿ ಪ್ರಾಂತದ ಮಾದರಿಯಲ್ಲಿ ಮೈಸೂರಿನ ಕಂದಾಯ ಸರ್ವೆ ಶುರುವಾಯಿತು. 33 ಅಡಿಯ ಸರಪಳಿ, ಒಂದು ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಟಿಪ್ಪಣಿ, ಆಕಾರಬಂದು, ಗ್ರಾಮನಕ್ಷೆ ಎಲ್ಲ ಆಗಿನಿಂದ ಬಂದವು. ನಮ್ಮ ಊರಿನ ಸರ್ವೆ ಆದಾಗ ಸರಪಳಿ ಹಿಡಿದದ್ದು, ಗಡಿಕಲ್ಲು ಹೊತ್ತದ್ದು ನಮ್ಮ ಮನೆಯವರೇ ಎಂದು ತಾತ ಅಂದುಕೊಳ್ಳುತ್ತಿದ್ದ. ಅವನ ತಾತ ಊರ ತೋಟಿ. ಸರಪಳಿಯ ತುದಿ ತೋಟಿಯ ಕೈಯಲ್ಲಿ, ಲೇಖನಿ ಶಾನುಭೋಗರ ಕೈಯಲ್ಲಿ, ಇದು ಯಾರದು ಎಂಬುದಕ್ಕೆ ಉತ್ತರ ಪಟೇಲರ ಬಾಯಲ್ಲಿ. ಕುಳವಾಡಿಯ ತಲೆಯ ಮೇಲಿದ್ದ ಮಣ್ಣಿನುಂಡೆ ಇಳಿದು ನಕ್ಷೆಯಾಯಿತು. ಆಮೇಲೆ ಕುಳವಾಡಿಯನ್ನು ಯಾರೂ ಕೇಳಲಿಲ್ಲ.

ಗ್ರಾಮನಕ್ಷೆ ನೋಡದವರಿಗಾಗಿ ಹೇಳುತ್ತೇನೆ. ಅದರಲ್ಲಿ ಬಂಡಿದಾರಿಯನ್ನು ಜೋಡಿ ಚುಕ್ಕಿಗೆರೆಯಲ್ಲೂ ಕಾಲುದಾರಿಯನ್ನು ಒಂಟಿ ಚುಕ್ಕಿಗೆರೆಯಲ್ಲೂ ತೋರಿಸುತ್ತಾರೆ. ಬೇಲಿ ಬಿದ್ದ ಮೇಲೆ ನಾನು ಒಂದು ಕಚೇರಿಯಲ್ಲಿ ದುಡ್ಡು ಕಟ್ಟಿ ನಮ್ಮ ಊರಿನ ನಕ್ಷೆಯ ಪ್ರತಿ ತೆಗೆಸಿದೆ. ಅದನ್ನು ಹಟ್ಟಿಯ ಜಗಲಿಯ ಮೇಲೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಎಲ್ಲರೂ ಸುತ್ತ ಕೂತು ನೋಡಿದೆವು. ಊರಿನಿಂದ ಕೆರೆಗೆ ಗೆರೆಯಿದೆ. ಊರಿನಿಂದ ಗುಂಡುತೋಪಿಗೆ, ದೇವಸ್ಥಾನಕ್ಕೆ, ಪಕ್ಕದ ಊರಿಗೆ ಗೆರೆಯಿದೆ. ಹಟ್ಟಿ ಒಂದು ಚೌಕವಾಗಿ ಊರಿನಿಂದ ಆಚೆ ಬಿದ್ದಿದೆ. ಊರಿನಿಂದ ಹಟ್ಟಿಗೂ ಒಂದು ಗೆರೆ ಬಂದು ನಿಂತಿದೆ, ಜೀತಕ್ಕೆ ಕರೆಯಲು ಬರಬೇಕಲ್ಲ. ಹಟ್ಟಿಯಿಂದ ಆಚೆಗೆ ಮಾತ್ರ ಯಾವ ಗೆರೆಯೂ ಹೊರಡುವುದಿಲ್ಲ. ನಮ್ಮ ಹೆಣ ಹೂಳುವ ಜಾಗಕ್ಕೆ ಆ ನಕ್ಷೆಯ ಪ್ರಕಾರ ದಾರಿಯೇ ಇಲ್ಲ. "ಆಂಗಾರೆ ನಮ್ಮೋರು ಆರ್ಕೊಂಡು ಓಯ್ತಿದ್ರಾ?" ಅಂತ ಚಿಕ್ಕಮ್ಮ ಕೇಳಿದಳು. ಎಲ್ಲರೂ ನಕ್ಕರು. ಆಮೇಲೆ ಯಾರೂ ಮಾತಾಡಲಿಲ್ಲ.

ಸರ್ವೆಯ ಲೆಕ್ಕದಲ್ಲಿ ಖರಾಬು ಎಂಬ ಒಂದು ಮಾತಿದೆ. ಬೇಸಾಯಕ್ಕೆ ಬರದ ಬಂಡೆ, ಕೊರಕಲು ಇಂಥವು 'ಎ' ಖರಾಬು. ಸಾರ್ವಜನಿಕರಿಗಾಗಿ ಬಿಟ್ಟ ನೆಲ 'ಬಿ' ಖರಾಬು. 1966ರ ಭೂಕಂದಾಯ ನಿಯಮಗಳು ಈ ಎರಡನೆಯದರಲ್ಲಿ ರಸ್ತೆಯನ್ನೂ ಮಾನ್ಯತೆ ಪಡೆದ ಕಾಲುದಾರಿಯನ್ನೂ ಸೇರಿಸುತ್ತವೆ, ಸ್ಮಶಾನವನ್ನೂ ಸೇರಿಸುತ್ತವೆ. ಮೂಲ ಕಾನೂನಾದ 1964ರ ಭೂಕಂದಾಯ ಅಧಿನಿಯಮದ 67ನೇ ಕಲಮು ಸಾರ್ವಜನಿಕ ರಸ್ತೆ, ಬೀದಿ, ಓಣಿ, ಹಾದಿಗಳೆಲ್ಲ ಸರ್ಕಾರದ ಸ್ವತ್ತು ಎನ್ನುತ್ತದೆ. ಓದಲು ಚೆನ್ನಾಗಿದೆ. ನನ್ನ ಕಣ್ಣು ಮಾತ್ರ 'ಮಾನ್ಯತೆ ಪಡೆದ' ಎಂಬ ಮಾತಿನ ಮೇಲೇ ನಿಂತುಬಿಟ್ಟಿತು. ಮಾನ್ಯತೆ ಕೊಟ್ಟವರು ಯಾರು? ಯಾರ ಕಾಲು ಬಿದ್ದರೆ ಅದು ದಾರಿ, ಯಾರ ಕಾಲು ಬಿದ್ದರೆ ಅದು ಬರೀ ತುಳಿದ ಹುಲ್ಲು? ಸಾಹಿತ್ಯದಲ್ಲಿ ನಮ್ಮವರ ಹಾಡು, ಕತೆ ಎಲ್ಲ 'ಸಾಮಗ್ರಿ' ಆಗಿ, ಬೇರೆಯವರು ಬರೆದದ್ದು 'ಕೃತಿ' ಆಗುವುದಕ್ಕೂ ಇದಕ್ಕೂ ನನಗೆ ಹೆಚ್ಚು ದೂರ ಕಾಣುವುದಿಲ್ಲ.

ತೋಟಿ, ತಳವಾರ, ನೀರಗಂಟಿ ಇವರಿಗೆ ಸೇವೆಗಾಗಿ ಇನಾಮತಿ ಜಮೀನಿತ್ತು. 1961ರ ಗ್ರಾಮ ಅಧಿಕಾರ ರದ್ದಿಯಾತಿ ಕಾನೂನು ಬಂದು ಆ ಕೆಲಸಗಳು ಹೋದವು; ಜಮೀನನ್ನು ಮಾಡುತ್ತಿದ್ದವರಿಗೇ ಮರುಮಂಜೂರು ಮಾಡುವ ಅವಕಾಶ ಬಂತು. ಹೀಗೆ ಬಂದ ಹೊಲ ಬೇರೆಯವರ ಹೊಲಗಳ ನಡುವೆ ದ್ವೀಪದ ಹಾಗೆ ಕೂತಿರುವುದು ಎಷ್ಟೋ ಕಡೆ ಉಂಟು. ತೋಟಿಕೆ ಮಾಡುವ ತನಕ ಆ ದಾರಿಯನ್ನು ಯಾರೂ ತಡೆಯಲಿಲ್ಲ. ತೋಟಿಕೆ ಬಿಟ್ಟು ಸ್ವಂತ ಬೇಸಾಯ ಮಾಡುತ್ತೇನೆ ಎಂದ ದಿನ ದಾರಿಯ ಪ್ರಶ್ನೆ ಎದ್ದಿತು. ಹೊಲ ಕೊಟ್ಟ ಆದೇಶದಲ್ಲಿ ಹೊಲಕ್ಕೆ ಹೋಗುವ ದಾರಿ ಬರೆದಿರಲಿಲ್ಲ.

4

ದಾರಿಗಾಗಿ ನಮ್ಮ ಜನ ಹೋರಾಡಿಲ್ಲವೆಂದಲ್ಲ. ಅಸ್ಪೃಶ್ಯತೆಯ ವಿರುದ್ಧದ ಈ ದೇಶದ ದೊಡ್ಡ ಹೋರಾಟಗಳು ಮೊದಲು ನಡೆದದ್ದೇ ದಾರಿಯ ಮೇಲೆ, ನೀರಿನ ದಡದಲ್ಲಿ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಹೆಜ್ಜೆ ಅಳಿಸಲು ಸೊಂಟಕ್ಕೆ ಪೊರಕೆ, ಉಗುಳಲು ಕೊರಳಿಗೆ ಗಡಿಗೆ ಕಟ್ಟಿಕೊಂಡು ನಡೆಯಬೇಕಿತ್ತೆಂದು ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಬರೆದರು. ಇದು ಮರಾಠರ ಕತೆ ಎಂದು ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ನಮ್ಮದೇ ದಕ್ಷಿಣ ಕನ್ನಡದಲ್ಲಿ ಅಂಡೆ ಕೊರಗರು ಇದ್ದರು. ಸಾರ್ವಜನಿಕ ದಾರಿಯಲ್ಲಿ ಉಗುಳುವಂತಿಲ್ಲವೆಂದು ಕೊರಳಿಗೆ ಅಂಡೆ ಕಟ್ಟಿಕೊಂಡೇ ತಿರುಗಬೇಕಾಗಿದ್ದರಿಂದ ಅವರಿಗೆ ಆ ಹೆಸರು. ಅವರ ಮೇಲಿನ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ನೇ ಇಸವಿಯವರೆಗೆ ಬೇಕಾಯಿತು.

1924ರ ಮಾರ್ಚ್ 30ರಂದು ತಿರುವಾಂಕೂರಿನ ವೈಕಂನಲ್ಲಿ ಸತ್ಯಾಗ್ರಹ ಶುರುವಾದದ್ದು ದೇವಸ್ಥಾನದ ಒಳಗೆ ಹೋಗಲಿಕ್ಕಲ್ಲ, ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯಲಿಕ್ಕೆ. 1925ರ ನವೆಂಬರಿನಲ್ಲಿ ರಾಜಿಯಾದಾಗ ಮೂರು ಕಡೆಯ ರಸ್ತೆ ತೆರೆದರು, ಪೂರ್ವದ ಕಡೆಯದು ತೆರೆಯಲಿಲ್ಲ. ರಾಜಿಗಾಗಿ ಸರ್ಕಾರ ಬಳಸುದಾರಿಯನ್ನೂ ಮಾಡಿಸಿತು. ಹೆಣ ಹೊತ್ತು ಊರು ಬಳಸಿದ ದಿನದಿಂದ, ಬಳಸುದಾರಿ ಎಂಬ ಮಾತು ಎಲ್ಲಿ ಕಂಡರೂ ನನ್ನ ಕಾಲು ನೋಯುತ್ತದೆ.

1927ರ ಮಾರ್ಚ್ 20ರಂದು ಮಹಾಡಿನ ಬೀದಿಗಳಲ್ಲಿ ಸಾಲಾಗಿ ನಡೆದು ಬಾಬಾಸಾಹೇಬರು ಮತ್ತು ಅವರ ಸಂಗಾತಿಗಳು ಚವದಾರ್ ಕೆರೆಯ ನೀರು ಮುಟ್ಟಿದರು. ಆಮೇಲೆ ನಡೆದ ಹತ್ತು ವರ್ಷದ ದಾವೆಯನ್ನು ನಮ್ಮ ಕಾರ್ಯಕರ್ತರು ಅಷ್ಟಾಗಿ ಗಮನಿಸುವುದಿಲ್ಲ. ಕೆರೆ ತಮ್ಮದು, ಅಸ್ಪೃಶ್ಯರನ್ನು ದೂರ ಇಡುವುದು ಅನಾದಿಕಾಲದ ಪದ್ಧತಿ ಎಂದು ಸವರ್ಣೀಯರು ಕೋರ್ಟಿಗೆ ಹೋದರು. ಅನಾದಿಕಾಲದ್ದೆಂದು ಸಾಬೀತು ಮಾಡಿ ಎಂದು ಕೋರ್ಟು ಅವರನ್ನೇ ಕೇಳಿತು. ಅವರಿಂದಾಗಲಿಲ್ಲ. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಪದ್ಧತಿಯ ಹೊರೆ ಹೊರಬೇಕಾದವರು ಹೊತ್ತು ಸೋತ ಅಪರೂಪದ ಪ್ರಸಂಗ ಅದು.

ಮೈಸೂರು ಸಂಸ್ಥಾನವೂ 1943ರಲ್ಲಿ ನಾಗರಿಕ ಅನರ್ಹತೆಗಳ ನಿವಾರಣೆಯ ಕಾನೂನು ಮಾಡಿತು. 1948ರಲ್ಲಿ ದೇವಾಲಯ ಪ್ರವೇಶದ್ದು ಬಂತು. ಆಮೇಲೆ ಸಂವಿಧಾನ, 15ನೇ ವಿಧಿ, 17ನೇ ವಿಧಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು. ನಮ್ಮ ತಾತನ ಚಪ್ಪಲಿ ಇವೆಲ್ಲ ಬಂದ ಮೇಲೂ ಕೈಯಲ್ಲೇ ಇತ್ತು. ಅದನ್ನು ಕಾಲಿಗೆ ಇಳಿಸಿದ್ದು ಎಂಬತ್ತರ ದಶಕದಲ್ಲಿ ನೀಲಿ ಬಾವುಟ ಹಿಡಿದು ಊರ ಬೀದಿಯಲ್ಲಿ ಹಾಡಿಕೊಂಡು ಬಂದ ಹುಡುಗರು. ಆ ಜಾಥಾದ ಹಿಂದೆ ತಾತ ಚಪ್ಪಲಿ ಮೆಟ್ಟಿ ನಡೆದ. ಪಟೇಲರ ಮನೆ ಮುಂದೆ ಬಂದಾಗ ಅವನ ಕಾಲು ತಾನಾಗಿ ನಿಂತಿತು. ಹಿಂದಿನಿಂದ ಯಾರೋ ತಳ್ಳಿದರು.

5

ಊರ ಬೀದಿಯ ಹೋರಾಟವನ್ನು ನಾವು ಬಹುಮಟ್ಟಿಗೆ ಗೆದ್ದಿದ್ದೇವೆ ಎಂದುಕೊಂಡ ಹೊತ್ತಿನಲ್ಲೇ ಹೊಲದ ದಾರಿಯಲ್ಲಿ ಸೋಲುತ್ತಿದ್ದೇವೆ. ಯಾಕೆಂದು ಬಿಡಿಸಿ ನೋಡಬೇಕು.

ಸಂವಿಧಾನದ 15ನೇ ವಿಧಿ ಸರ್ಕಾರದ ಹಣದಿಂದ ನಿರ್ವಹಿಸುವ, ಇಲ್ಲವೇ ಸಾರ್ವಜನಿಕರಿಗೆಂದು ಬಿಟ್ಟುಕೊಟ್ಟ ರಸ್ತೆಗಳ ಮಾತಾಡುತ್ತದೆ. ನಮ್ಮ ಕಾಲುದಾರಿಗೆ ಸರ್ಕಾರ ಒಂದು ಬುಟ್ಟಿ ಮಣ್ಣು ಹಾಕಿಲ್ಲ. ಯಾರೂ ಬಿಟ್ಟುಕೊಟ್ಟ ದಾಖಲೆಯೂ ಇಲ್ಲ. 1955ರ ಕಾನೂನು, ಬೇರೆಯವರಿಗೆ ಹಕ್ಕಿರುವ ದಾರಿಯಲ್ಲಿ ಅಸ್ಪೃಶ್ಯತೆಯ ಕಾರಣಕ್ಕೆ ತಡೆದರೆ ಶಿಕ್ಷೆ ಎನ್ನುತ್ತದೆ. ಆದರೆ ಹಟ್ಟಿಯ ದಾರಿಯಲ್ಲಿ ಹಟ್ಟಿಯವರಲ್ಲದೆ ಬೇರೆ ಯಾರು ನಡೆಯುತ್ತಾರೆ? ಬೇಲಿ ಹಾಕಿದವರು ಹೇಳಿದ್ದೂ ಇದನ್ನೇ: "ನಾನು ನಿಮ್ಗೊಬ್ರಿಗೇ ಮುಚ್ಚಿದ್ದೀನಾ? ಎಲ್ರಿಗೂ ಮುಚ್ಚಿದ್ದೀನಿ." ಕಾನೂನಿನ ಕಣ್ಣಿಗೆ ಇದು ಭೇದಭಾವದ ಹಾಗೆ ಕಾಣುವುದೇ ಇಲ್ಲ.

ಇನ್ನು 1882ರ ಅನುಭೋಗದ ಹಕ್ಕುಗಳ ಕಾನೂನು, ಈಸ್‌ಮೆಂಟ್ ಕಾಯಿದೆ ಎಂದು ವಕೀಲರು ಕರೆಯುವುದು. ಅದರ 15ನೇ ಕಲಮಿನ ಪ್ರಕಾರ ಇನ್ನೊಬ್ಬರ ನೆಲದ ಮೇಲೆ 20 ವರ್ಷ ಶಾಂತವಾಗಿ, ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದು ನಡೆದಿದ್ದರೆ ಆ ದಾರಿ ಹಕ್ಕಾಗುತ್ತದೆ. ಇಪ್ಪತ್ತಲ್ಲ, ನಾವು ನೂರು ವರ್ಷ ನಡೆದಿದ್ದೇವೆ. ಶಾಂತವಾಗಿಯೂ ನಡೆದಿದ್ದೇವೆ, ನಮ್ಮಷ್ಟು ಶಾಂತವಾಗಿ ಯಾರು ನಡೆದಾರು? ತೊಡಕಿರುವುದು 'ಹಕ್ಕೆಂದು' ಎನ್ನುವಲ್ಲಿ. ಅಪ್ಪಣೆ ಪಡೆದು ನಡೆದದ್ದು ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ. ನಮ್ಮ ತಾತ ಆ ಹೊಲದ ಬದು ಹತ್ತುವಾಗ ಗೌಡರು ಕಂಡರೆ ತಲೆಯ ವಸ್ತ್ರ ತೆಗೆದು, "ಓಯ್ತೀನಿ ಬುದ್ದಿ" ಅನ್ನುತ್ತಿದ್ದ. ಗೌಡರು ತಲೆ ಆಡಿಸುತ್ತಿದ್ದರು. ಒಳ್ಳೆಯವರೇ, ಒಂದು ದಿನವೂ ಬೇಡ ಅಂದವರಲ್ಲ. ಇವತ್ತು ವಕೀಲರು ನನಗೆ ಹೇಳುತ್ತಾರೆ: ಅದು ಅಪ್ಪಣೆ. ನಿಮ್ಮ ತಾತ ಕೇಳಿದರು, ಅವರು ಕೊಟ್ಟರು. ಕೊಟ್ಟವರು ವಾಪಸು ತೆಗೆದುಕೊಳ್ಳಬಹುದು.

ಇದು ಈ ಲೇಖನದ ತಿರುಳು. ನಮ್ಮ ಹಿರಿಯರ ದೈನ್ಯವೇ ನಮ್ಮ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ. ಬುದ್ದಿ ಎಂದು ಕರೆಯದೆ ಬದುಕುವಂತಿಲ್ಲದ ಕಾಲದಲ್ಲಿ ಬುದ್ದಿ ಎಂದದ್ದು, ಹಕ್ಕಿಲ್ಲವೆಂದು ತಾನೇ ಒಪ್ಪಿಕೊಂಡಂತೆ ಆಗುತ್ತದೆ. ತಲೆಯೆತ್ತಿ, ಎದೆ ಸೆಟೆದು ನಡೆದಿದ್ದರೆ ದಾರಿ ನಮ್ಮದಾಗುತ್ತಿತ್ತು. ಹಾಗೆ ನಡೆದಿದ್ದರೆ ತಾತ ಉಳಿಯುತ್ತಿರಲಿಲ್ಲ. ಜಾತಿಯನ್ನು ಬಿಟ್ಟು ಅಪ್ಪಣೆ ಎಂಬ ಪದವನ್ನು ಓದಿದರೆ ಅದು ಎರಡು ಸಮಾನರ ನಡುವಿನ ಸೌಜನ್ಯದ ಹಾಗೆ ಕಾಣುತ್ತದೆ. ಜಾತಿಯನ್ನು ಸೇರಿಸಿ ಓದುವುದೇ ದಲಿತ ವಿಮರ್ಶೆಯ ಕೆಲಸವಾದರೆ, ಅದನ್ನು ಕಾದಂಬರಿಗೆ ಮಾತ್ರ ಮಾಡಿ ಕಾನೂನಿಗೆ ಮಾಡದೆ ಬಿಡುವುದು ಹೇಗೆ? ಮಹಾಡಿನಲ್ಲಿ ಪದ್ಧತಿಯನ್ನು ಸಾಬೀತು ಮಾಡುವ ಹೊರೆ ಸವರ್ಣೀಯರ ಮೇಲಿತ್ತು. ನಮ್ಮ ಬೇಲಿಯ ಹತ್ತಿರ ಆ ಹೊರೆ ನಮ್ಮ ಮೇಲಿದೆ.

ಒಂದು ಬಾಗಿಲು ಇದೆ. 1989ರ ದೌರ್ಜನ್ಯ ತಡೆ ಕಾನೂನು ಸಾರ್ವಜನಿಕ ಸ್ಥಳಕ್ಕೆ ಹೋಗುವ ರೂಢಿಯ ದಾರಿಯ ಹಕ್ಕನ್ನು ದಲಿತರಿಗೆ ತಪ್ಪಿಸುವುದನ್ನು ಅಪರಾಧವೆಂದು ಎಣಿಸಿತು. 2015ರ ತಿದ್ದುಪಡಿ ಸ್ಮಶಾನವನ್ನೂ ರಸ್ತೆಯನ್ನೂ ಹಾದಿಯನ್ನೂ ಹೆಸರಿಸಿತು. ಸಾರ್ವಜನಿಕ ಸ್ಥಳದಲ್ಲಿ ಸೈಕಲ್ ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು ತಡೆದರೂ ಅಪರಾಧ ಎಂದಿತು. ಅದನ್ನು ಮೊದಲ ಸಲ ಓದಿದಾಗ ಅಪ್ಪನ ಸೈಕಲ್ಲು, ತಾತನ ಚಪ್ಪಲಿ ಎರಡೂ ಕಾನೂನಿನ ಪುಸ್ತಕಕ್ಕೆ ಹತ್ತಿವೆ ಎನಿಸಿ ಗಂಟಲು ಕಟ್ಟಿತು. ಆದರೆ ಈ ಕಾನೂನನ್ನು ಹಿಡಿದುಕೊಂಡು ಹೋದರೂ ರೂಢಿಗೆ ಸಾಕ್ಷಿ ಎಲ್ಲಿ ಎಂದೇ ಕೇಳುತ್ತಾರೆ. ಮತ್ತೆ ನಕ್ಷೆ, ಮತ್ತೆ ಆ ಚುಕ್ಕಿಗೆರೆ.

6

ಇವತ್ತಿನ ದಾಬಸ್‌ಪೇಟೆ ತಾತ ಕಂಡದ್ದಲ್ಲ. ಸೋಂಪುರದ ಕೈಗಾರಿಕಾ ಪ್ರದೇಶ ಬಂದು ಹೊಲಗಳು ಕಾರ್ಖಾನೆಗಳಾಗಿವೆ. ಹಳೆಯ 4ನೇ ನಂಬರಿನ ಹೆದ್ದಾರಿ ಈಗ 48. ದೊಡ್ಡಬಳ್ಳಾಪುರದ ಕಡೆಗೆ ಉಪನಗರ ವರ್ತುಲ ರಸ್ತೆ ಹೋಗಿದೆ. ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳುವಾಗ ಸರ್ವೆ ನಂಬರಿನ ಮಾಲೀಕರಿಗೆ ನೋಟೀಸು ಹೋಗುತ್ತದೆ, ಪರಿಹಾರ ಬರುತ್ತದೆ. ನಕ್ಷೆಯಲ್ಲಿಲ್ಲದ ಕಾಲುದಾರಿಗೆ ನೋಟೀಸು ಯಾರ ಹೆಸರಿಗೆ ಹೋಗಬೇಕು? ಕಾಂಪೌಂಡು ಎದ್ದ ಮೇಲೆ ಹಾಲಿನ ಕ್ಯಾನು ಹಿಡಿದ ಹೆಂಗಸು, ಶಾಲೆಯ ಮಗು, ಕೂಲಿಗೆ ಹೋಗುವವನು ಮೈಲಿಗಟ್ಟಲೆ ಬಳಸುತ್ತಾರೆ. ಅದು ಯಾವ ನಷ್ಟದ ಲೆಕ್ಕದಲ್ಲೂ ಬರುವುದಿಲ್ಲ.

ತಾತನಿಗೆ ಚಪ್ಪಲಿ ಮೆಟ್ಟುವ ಸ್ವಾತಂತ್ರ್ಯ ಕೊಟ್ಟ ದೊರೆ ರಸ್ತೆಯೇ ಈಗ ನಡೆಯುವವನಿಗೆ ಗೋಡೆಯಾಗಿದೆ. ಆಚೆಯ ಹೊಲ ಕಣ್ಣೆದುರಿಗೇ ಇದೆ, ದಾಟುವಂತಿಲ್ಲ. ಜಾತಿ ನೋಡದ ಗೋಡೆ ಎಂದು ಯಾರಾದರೂ ಹೇಳಬಹುದು. ಕಾರಿರುವವನಿಗೆ ಅದು ಗೋಡೆಯಲ್ಲ, ಕಾಲು ಮಾತ್ರ ಇರುವವನಿಗೆ ಗೋಡೆ. ನಮ್ಮ ಸೀಮೆಯಲ್ಲಿ ಕಾಲು ಮಾತ್ರ ಇರುವವರು ಯಾವ ಹಟ್ಟಿಯವರೆಂದು ಎಣಿಸಲು ಬೆರಳು ಸಾಕು. ಮಧುರೈ ಜಿಲ್ಲೆಯ ಉತ್ತಪುರದಲ್ಲಿ 1989ರಲ್ಲಿ ಎದ್ದ ಜಾತಿಯ ಗೋಡೆಯ ಒಂದು ಭಾಗವನ್ನು 2008ರಲ್ಲಿ ಒಡೆದರು. ಅದಕ್ಕೆ ಗೋಡೆ ಎಂಬ ಹೆಸರಾದರೂ ಇತ್ತು. ನಮ್ಮದಕ್ಕೆ ಅಭಿವೃದ್ಧಿ ಎಂದು ಹೆಸರು.

ಡಾಬ್ಸನಂಥ ದೊರೆಗಳನ್ನು ಕಳಿಸಿದ ಸಾಮ್ರಾಜ್ಯದ ರಾಜಧಾನಿಯಿದ್ದ ಇಂಗ್ಲೆಂಡಿನಲ್ಲಿ ಏನಾಯಿತೆಂದು ಒಂದು ಮಾತು ಹೇಳಿ ಮುಗಿಸುತ್ತೇನೆ. ಅಲ್ಲಿಯೂ ಜಮೀನುದಾರರು ಬಯಲನ್ನೆಲ್ಲ ಮುಚ್ಚಿದ್ದರು. 1932ರ ಏಪ್ರಿಲ್ 24ರಂದು ಕಾರ್ಮಿಕ ಹುಡುಗರು ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಅಪ್ಪಣೆಯಿಲ್ಲದೆ ಹತ್ತಿದರು, ಕೆಲವರು ಜೈಲಿಗೂ ಹೋದರು. 1949ರಲ್ಲಿ ಬಂದ ಕಾನೂನು ಇಂಗ್ಲೆಂಡು, ವೇಲ್ಸುಗಳಲ್ಲಿ ಕಾಲುದಾರಿಗಳ ಅಧಿಕೃತ ನಕ್ಷೆ ಮಾಡಬೇಕೆಂದಿತು. ಆ ನಕ್ಷೆಗಾಗಿ ಹಳ್ಳಿಯ ಪಂಚಾಯತಿಗಳನ್ನೇ ಕೇಳಿದರು: ನೀವು ನಡೆಯುವ ದಾರಿ ಯಾವುದು, ಗುರುತು ಮಾಡಿ ಕೊಡಿ. ಜನ ನಡೆದು, ನೋಡಿ, ಬರೆದರು. ಒಮ್ಮೆ ಆ ನಕ್ಷೆಗೆ ಹತ್ತಿದ ದಾರಿಗೆ ಅದೇ ಸಾಕ್ಷಿ, ಬೇರೆ ಸಾಕ್ಷಿ ಬೇಡ. ತಮ್ಮ ಬಿಡುವಿನ ದಿನ ಬೆಟ್ಟ ಹತ್ತಲು ಅವರು ಪಡೆದದ್ದನ್ನು, ಹೆಣ ಹೊರಲು ನಾವು ಇನ್ನೂ ಪಡೆದಿಲ್ಲ.

ಆದ್ದರಿಂದ ಈ ಸಂಚಿಕೆ ಓದುವ ಸಂಗಾತಿಗಳಿಗೆ, ಮುಖ್ಯವಾಗಿ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಒಂದೇ. ರಜೆಗೆ ಹಟ್ಟಿಗೆ ಹೋದಾಗ ಗ್ರಾಮನಕ್ಷೆಯ ಪ್ರತಿ ತೆಗೆಸಿಕೊಂಡು ಹೋಗಿ. ಹಿರಿಯರ ಜೊತೆ ನಡೆಯಿರಿ. ಅವರು ತೋರಿಸಿದ ದಾರಿಯನ್ನು ಕೆಂಪು ಪೆನ್ನಿನಲ್ಲಿ ಎಳೆಯಿರಿ. ಎಷ್ಟು ವರ್ಷದಿಂದ ನಡೆದರು, ಯಾವ ಹೆಣ ಹೊತ್ತರು, ಯಾವ ಮದುವೆ ದಿಬ್ಬಣ ಹೋಯಿತು, ಯಾವ ಹೊಲಕ್ಕೆ ಗೊಬ್ಬರ ಹೊತ್ತರು, ಎಲ್ಲ ಬರೆದು ಹೆಬ್ಬೆಟ್ಟು ಒತ್ತಿಸಿ, ತಾರೀಖು ಹಾಕಿ. ಗ್ರಾಮಸಭೆಯಲ್ಲಿ ಓದಿ, ನಡವಳಿಗೆ ಸೇರಿಸಲು ಹಠ ಹಿಡಿಯಿರಿ. ಆ ಹಿರಿಯರು ಇನ್ನು ಹೆಚ್ಚು ದಿನ ಇರುವುದಿಲ್ಲ. ಮಣ್ಣಿನುಂಡೆ ಹೊತ್ತವರ ಕೊನೆಯ ತಲೆಮಾರು ಅದು.

ನಮ್ಮ ಹಟ್ಟಿಯಲ್ಲಿ ಈ ಕೆಲಸ ಮುಗಿದಿದೆ. ಎಂಬತ್ತು ದಾಟಿದ ಚಿಕ್ಕಪ್ಪ ಬೇಲಿಯ ಈಚೆ ನಿಂತು ಕೋಲು ಚಾಚಿ ಹುಣಸೆಮರದ ಬುಡದವರೆಗೆ ದಾರಿ ತೋರಿಸಿದ. ನಾನು ಎಳೆದೆ. ಅರ್ಜಿ ಕೊಟ್ಟಿದ್ದೇವೆ, ಇನ್ನೂ ಉತ್ತರ ಬಂದಿಲ್ಲ. ಕೆಳಗೆ ಸಹಿ ಹಾಕುವಾಗ ಚಿಕ್ಕಪ್ಪ, "ದಯವಿಟ್ಟು ದಾರಿ ಬಿಡಿಸಿಕೊಡಿ ಅಂತ ಬರ್ದಿದ್ದೀಯಾ?" ಎಂದು ಕೇಳಿದ. ಇಲ್ಲ ಚಿಕ್ಕಪ್ಪ, ದಾರಿ ನಮ್ಮದು ಅಂತ ಬರ್ದಿದ್ದೀನಿ ಅಂದೆ. ಸ್ವಲ್ಪ ಹೊತ್ತು ಕಾಗದವನ್ನೇ ನೋಡುತ್ತಿದ್ದು, ಆಮೇಲೆ ಹೆಬ್ಬೆಟ್ಟು ಒತ್ತಿದ.